ಬಂದವರು ಯಾರೆಂದು ಕೇಳುವ ಭಾಗವತ

ದೀಪಾವಳಿ ಕಳೆದು ಯಕ್ಷಗಾನ ಮೇಳಗಳ ತಿರುಗಾಟ ಆರಂಭವಾದ ಮೇಲೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಆಟಕ್ಕೆ ಹೊರಟವರು ಪರಸ್ಪರ ಕೇಳಿಕೊಳ್ಳುವ ಪ್ರಶ್ನೆಗಳು ಎರಡೇ. ಇವತ್ತು ಯಾವ ಪ್ರಸಂಗ? ಕೌರವ ಯಾರದು? ಕೊನೆಗೆ ಏನಾಗುತ್ತದೆ ಎಂದು ಕೇಳಿದವರಿಲ್ಲ. ಗದಾಯುದ್ಧದಲ್ಲಿ ಕೌರವನ ತೊಡೆ ಮುರಿಯುತ್ತದೆ; ವಾಲಿವಧೆಯಲ್ಲಿ ಬಾಣ ಮರೆಯಿಂದಲೇ ಬರುತ್ತದೆ. ಇದನ್ನೆಲ್ಲ ತಿಳಿದೇ ಬಂದವರು ಕಂಬಳಿ ಹೊದ್ದು ಬೆಳಗಿನ ಜಾವದವರೆಗೆ ಕುಳಿತಿರುತ್ತಾರೆ. ಇದೇ ಊರುಗಳ ಕಾಲೇಜು ವಿದ್ಯಾರ್ಥಿಗಳ ನಡುವೆ ಇನ್ನೊಂದು ಬಗೆಯ ಪ್ರಶ್ನೆ ಚಲಾವಣೆಯಲ್ಲಿದೆ. ಮಾರ್ವೆಲ್ ಸಂಸ್ಥೆಯ ಹೊಸ ಚಿತ್ರವೊಂದು ಬಂದಾಗ ಅವರು ಕೇಳುವುದು: ಇದನ್ನು ನೋಡುವ ಮೊದಲು ಏನೇನು ನೋಡಿರಬೇಕು?

ಎರಡೂ ಪ್ರಶ್ನೆಗಳು ಹುಟ್ಟುವುದು ಒಂದೇ ಬಗೆಯ ಕಥನದಿಂದ ಎಂಬುದು ಸ್ವಾರಸ್ಯಕರ. ಒಂದು ದೊಡ್ಡ ಕಥಾಲೋಕ, ಅದರೊಳಗೆ ನೂರಾರು ಬಿಡಿ ಕಥೆಗಳು, ಒಂದರಲ್ಲಿ ನಾಯಕನಾದವನು ಇನ್ನೊಂದರಲ್ಲಿ ಅತಿಥಿ, ಮತ್ತೊಂದರಲ್ಲಿ ಖಳ. ಹಾಲಿವುಡ್ ಈ ಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡದ್ದು 2008ರಲ್ಲಿ. ಆ ವರ್ಷ ‘ಐರನ್ ಮ್ಯಾನ್’ ಚಿತ್ರ ಮುಗಿದು, ತಂತ್ರಜ್ಞರ ಹೆಸರುಗಳೆಲ್ಲ ತೆರೆಯ ಮೇಲೆ ಹರಿದುಹೋದ ನಂತರ ಒಂದು ಪುಟ್ಟ ದೃಶ್ಯ ಬಂತು. ಕಥಾನಾಯಕನ ಮನೆಗೆ ಬಂದ ನಿಕ್ ಫ್ಯೂರಿ ಎಂಬಾತ ಇಂಥ ಶೂರರು ಜಗತ್ತಿನಲ್ಲಿ ಇನ್ನೂ ಇದ್ದಾರೆಂಬ ಸುಳಿವು ಕೊಟ್ಟ. ನಾಲ್ಕು ವರ್ಷದ ಬಳಿಕ ‘ದಿ ಅವೆಂಜರ್ಸ್’ನಲ್ಲಿ ಅವರೆಲ್ಲ ಒಂದೆಡೆ ಸೇರಿದರು. 2019ರ ಏಪ್ರಿಲ್‌ನಲ್ಲಿ ಬಂದ ‘ಎಂಡ್‌ಗೇಮ್’ ಆ ಸಾಲಿನ 22ನೆಯ ಚಿತ್ರ. ಭಾರತದಲ್ಲಿ ಅದು ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ತೆರೆಕಂಡಿತು. ಕನ್ನಡಕ್ಕೆ ಆ ಭಾಗ್ಯವಿರಲಿಲ್ಲ. ಆದರೂ ಮಲೆನಾಡಿನ ಹುಡುಗರು ಆ 22 ಚಿತ್ರಗಳ ಅನುಕ್ರಮವನ್ನು ಮಗ್ಗಿಯಂತೆ ಒಪ್ಪಿಸಬಲ್ಲವರಾಗಿದ್ದರು.

ಇದನ್ನು ಕಂಡು ಹಿರಿಯರು ಮೂಗು ಮುರಿಯಬೇಕಾಗಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಂ 1973ರಲ್ಲಿಯೇ ಚಿತ್ರಸಮಾಜ ಕಟ್ಟಿ ಹೊರದೇಶಗಳ ಚಿತ್ರಗಳನ್ನು ತೋಟದ ಕೆಲಸ ಮುಗಿಸಿ ಬಂದವರ ಮುಂದಿಟ್ಟಿತು. ಲೋಕದ ಸಿನಿಮಾ ಇಲ್ಲಿಯವರಿಗೆ ಹೊಸದಲ್ಲ. ‘ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು’ ಎಂದು ಎದೆಯುಬ್ಬಿಸುವುದೂ ಅಷ್ಟೇ ಅನವಶ್ಯಕ. ಎರಡು ಕಥಾಲೋಕಗಳು ತಮ್ಮ ಹಿಂದಿನ ಕಥೆಯನ್ನು ಹೇಗೆ ಹೊತ್ತು ಮುಂದೆ ಸಾಗುತ್ತವೆ, ಎಲ್ಲಿ ಎಡವುತ್ತವೆ ಎಂದು ಪಕ್ಕಪಕ್ಕದಲ್ಲಿಟ್ಟು ನೋಡುವುದು ಹೆಚ್ಚು ಉಪಯುಕ್ತ. ಹಾಗೆ ನೋಡಬೇಕಾದ ತುರ್ತು ಯಕ್ಷಗಾನಕ್ಕೇ ಬಂದಿದೆ ಎಂಬುದು ಈ ಲೇಖನದ ವಾದ.

ಮೊದಲು ಹಾಲಿವುಡ್ಡಿನ ಎಡವಟ್ಟನ್ನೇ ನೋಡೋಣ. 2013ರಲ್ಲಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ ‘ಏಜೆಂಟ್ಸ್ ಆಫ್ ಶೀಲ್ಡ್’ ಎಂಬ ಧಾರಾವಾಹಿ ಆರಂಭವಾಯಿತು. ಅದರ ನಾಯಕ ಫಿಲ್ ಕೋಲ್ಸನ್, ಹಿಂದಿನ ವರ್ಷದ ‘ಅವೆಂಜರ್ಸ್’ ಚಿತ್ರದಲ್ಲಿ ಸತ್ತವನು. ಅವನ ಸಾವೇ ಆ ಚಿತ್ರದಲ್ಲಿ ವೀರರನ್ನು ಒಗ್ಗೂಡಿಸಿತ್ತು. ಧಾರಾವಾಹಿ ಅವನನ್ನು ಬದುಕಿಸಿತು. ಏಳು ಸರಣಿಗಳಲ್ಲಿ 2020ರವರೆಗೆ ಅದು ನಡೆದರೂ, ತಮ್ಮ ಗೆಳೆಯ ಮರಳಿ ಬಂದಿದ್ದಾನೆಂಬ ಸಂಗತಿ ಚಲನಚಿತ್ರಗಳಲ್ಲಿನ ಆ ವೀರರಿಗೆ ತಿಳಿಯಲೇ ಇಲ್ಲ. ಸಂಬಂಧ ಏಕಮುಖವಾಗಿತ್ತು. ಚಿತ್ರಗಳಲ್ಲಿ ನಡೆದದ್ದನ್ನು ಧಾರಾವಾಹಿ ಪಾಲಿಸಬೇಕು. ಧಾರಾವಾಹಿಯಲ್ಲಿ ನಡೆದದ್ದನ್ನು ಚಿತ್ರಗಳು ಕಂಡೂ ಕಾಣದಂತಿರಬಹುದು. 2014ರ ಏಪ್ರಿಲ್‌ನಲ್ಲಿ ಬಂದ ‘ಕ್ಯಾಪ್ಟನ್ ಅಮೆರಿಕ: ದಿ ವಿಂಟರ್ ಸೋಲ್ಜರ್’ ಚಿತ್ರದಲ್ಲಿ ಶೀಲ್ಡ್ ಸಂಸ್ಥೆಯೇ ಕುಸಿದುಬೀಳುವುದಿತ್ತು. ಆ ಗುಟ್ಟು ಹೊರಬೀಳುವ ತನಕ ಧಾರಾವಾಹಿಯು ಕಂತಿನ ಮೇಲೆ ಕಂತು ಕಾಲಹರಣ ಮಾಡಬೇಕಾಯಿತು. ಚಿತ್ರ ಬಿಡುಗಡೆಯಾದ ವಾರದಿಂದ ಅದಕ್ಕೆ ಜೀವ ಬಂತು. ದೊಡ್ಡ ಮನೆಯ ಮದುವೆಯ ದಿನ ಗೊತ್ತಾಗುವವರೆಗೆ ಬಾಡಿಗೆ ಮನೆಯವನು ಸುಣ್ಣ ಬಳಿಯದೆ ಕಾದ ಹಾಗೆ.

2021ರ ಜನವರಿಯಲ್ಲಿ ‘ವಾಂಡಾವಿಷನ್’ ಸರಣಿಯೊಂದಿಗೆ ಈ ತಾರತಮ್ಯವನ್ನು ಹೋಗಲಾಡಿಸುವ ಪ್ರಯತ್ನ ನಡೆಯಿತು. ಇನ್ನು ಮುಂದೆ ಮನೆಯ ಪರದೆ, ಚಿತ್ರಮಂದಿರದ ಪರದೆ ಎರಡೂ ಸಮಾನ ಎಂದಾಯಿತು. ಫಲಿತಾಂಶ ವಿಪರೀತ. 2022ರ ‘ಡಾಕ್ಟರ್ ಸ್ಟ್ರೇಂಜ್’ ಚಿತ್ರದಲ್ಲಿ ಒಬ್ಬ ತಾಯಿ ಇಲ್ಲದ ಮಕ್ಕಳಿಗಾಗಿ ಲೋಕಗಳನ್ನೇ ಸುಡಲು ಹೊರಡುವುದು ಏಕೆಂದು ಆ ಸರಣಿ ನೋಡದವರಿಗೆ ಮನಮುಟ್ಟುವಂತೆ ತಿಳಿಯುವುದು ಕಷ್ಟ. 2023ರ ‘ದಿ ಮಾರ್ವೆಲ್ಸ್’ ಚಿತ್ರದ ಮೂವರು ನಾಯಕಿಯರಲ್ಲಿ ಒಬ್ಬಳು ಹಿಂದಿನ ಚಿತ್ರದವಳು. ಉಳಿದಿಬ್ಬರ ಕಥೆ ಎರಡು ಬೇರೆ ಬೇರೆ ಸರಣಿಗಳಲ್ಲಿ ಬೆಳೆದದ್ದು. ಪ್ರೇಕ್ಷಕ ಇದನ್ನು ಮನೆಗೆಲಸದ ಪಾಠ ಎಂದು ಕರೆದು ದೂರ ಉಳಿದ. ಅಷ್ಟೂ ಚಿತ್ರಗಳಲ್ಲಿ ಅತ್ಯಂತ ಕಡಿಮೆ ಗಳಿಸಿದ ಚಿತ್ರ ಅದಾಯಿತು. ಸಂಖ್ಯೆ ಹೆಚ್ಚಿ ಗಮನ ಚದುರಿತೆಂದು ಮಾತೃಸಂಸ್ಥೆ ಡಿಸ್ನಿಯ ಮುಖ್ಯಸ್ಥ ಬಾಬ್ ಐಗರ್ ಅದೇ ವರ್ಷ ಒಪ್ಪಿಕೊಂಡರು. ಆದರೆ ಸಂಖ್ಯೆಯೊಂದೇ ಕಾರಣವಾಗಿದ್ದರೆ ನಮ್ಮ ಯಕ್ಷಗಾನ ಎಂದೋ ಕುಸಿದಿರಬೇಕಿತ್ತು. ರಾಮಾಯಣ, ಭಾರತ, ಭಾಗವತ, ಜೈಮಿನಿ ಭಾರತ, ಪುರಾಣಗಳು, ಕ್ಷೇತ್ರಮಾಹಾತ್ಮ್ಯಗಳು - ಎಲ್ಲ ಸೇರಿದರೆ ಪ್ರಸಂಗಗಳ ರಾಶಿಗೆ ಅಂಕೆಯಿಲ್ಲ. ಅವನ್ನೆಲ್ಲ ಅನುಕ್ರಮವಾಗಿ ನೋಡಿ ಮುಗಿಸಿದ ಪ್ರೇಕ್ಷಕ ಇರಲಾರ. ಹೊಸನಗರದ ಒಂದು ಹಳ್ಳಿಯಲ್ಲಿ ಈ ವರ್ಷ ಅಭಿಮನ್ಯು ಕಾಳಗವಾದರೆ ಅದರ ಹಿಂದಿನ ಕಥೆಯಾದ ಭೀಷ್ಮಪರ್ವ ಅಲ್ಲಿ ಮೂರು ವರ್ಷದ ಬಳಿಕ ಬರಬಹುದು. ಯಾರೂ ತಬ್ಬಿಬ್ಬಾಗುವುದಿಲ್ಲ.

ಏಕೆ? ಕಥೆ ಎಲ್ಲರಿಗೂ ಗೊತ್ತಿರುತ್ತದೆ ಎಂಬುದು ಸುಲಭದ ಉತ್ತರ. ಅದು ಅರ್ಧಸತ್ಯ. ಇನ್ನರ್ಧ ರಂಗದ ಮೇಲೆಯೇ ಇದೆ.

ಬಡಗುತಿಟ್ಟಿನ ಆಟದಲ್ಲಿ ವೇಷಧಾರಿ ಕುಣಿದು ಒಡ್ಡೋಲಗ ಮುಗಿಸಿ ನಿಂತೊಡನೆ ಭಾಗವತರು ಕೇಳುತ್ತಾರೆ: ಬಂದಂಥವರು ಯಾರು? ಈ ಪ್ರಶ್ನೆಗೆ ಪಾತ್ರ ಕೊಡುವ ಉತ್ತರವೇ ಪೀಠಿಕೆ. ಪ್ರಸಂಗದ ಪುಸ್ತಕದಲ್ಲಿ ಇರುವುದು ಬಹುಮಟ್ಟಿಗೆ ಹಾಡುಗಳೇ. ಮಾತು ಕಲಾವಿದನದು, ಆ ಕ್ಷಣದ್ದು. ತಾನು ಯಾರು, ಯಾವ ಕುಲದವನು, ಈ ರಾತ್ರಿಯವರೆಗೆ ಏನೇನಾಯಿತು, ಯಾರಿಗೆ ಯಾವ ಮಾತು ಕೊಟ್ಟಿದ್ದೇನೆ, ಯಾರಿಂದ ಯಾವ ಪೆಟ್ಟು ತಿಂದಿದ್ದೇನೆ, ಈಗ ಯಾವ ಸಂಕಟದಲ್ಲಿ ನಿಂತಿದ್ದೇನೆ - ಇಷ್ಟನ್ನೂ ಪಾತ್ರ ತನ್ನ ಕಣ್ಣಿನಿಂದ ಹೇಳುತ್ತದೆ. ತಾಳಮದ್ದಲೆಯಲ್ಲಂತೂ, ವೇಷ-ಕುಣಿತಗಳ ಆಸರೆಯಿಲ್ಲದಿರುವುದರಿಂದ, ಪೀಠಿಕೆಯೇ ಪಾತ್ರದ ಕಿರೀಟ. ಸಮರ್ಥ ಅರ್ಥಧಾರಿಯ ಕೈಯಲ್ಲಿ ಅದು ಅರ್ಧ ಗಂಟೆ ದಾಟುವುದೂ ಉಂಟು. ಮಳೆಗಾಲದ ರಾತ್ರಿಗಳಲ್ಲಿ ಅಡಕೆ ಸೀಮೆಯ ಜಗಲಿಗಳಲ್ಲಿ ಕುಳಿತು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಟಿವಿ ಧಾರಾವಾಹಿಗಳ ಆರಂಭದಲ್ಲಿ ಹಿಂದಿನ ಕಂತಿನ ತುಣುಕುಗಳನ್ನು ತೋರಿಸುವುದುಂಟಲ್ಲ, ಪೀಠಿಕೆಯನ್ನು ಅದರೊಂದಿಗೆ ಹೋಲಿಸಬಹುದು. ವ್ಯತ್ಯಾಸವೂ ದೊಡ್ಡದೇ. ತುಣುಕುಗಳು ಘಟನೆಗಳನ್ನು ಜ್ಞಾಪಿಸುತ್ತವೆ. ಪೀಠಿಕೆ ಪಾತ್ರದ ಋಣಗಳನ್ನು ಲೆಕ್ಕ ಹಾಕುತ್ತದೆ.

ಋಣ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಈ ಕಥಾಲೋಕದಲ್ಲಿ ಒಂದು ಪ್ರಸಂಗದಿಂದ ಇನ್ನೊಂದಕ್ಕೆ ದಾಟಿಬರುವುದು ಮಾಹಿತಿಯಲ್ಲ. ಶಪಥ, ಶಾಪ, ವರ, ಅವಮಾನ, ಉಪಕಾರ. ‘ಭೀಷ್ಮ ವಿಜಯ’ದಲ್ಲಿ ಸಾಲ್ವನೂ ಒಲ್ಲದ, ಭೀಷ್ಮನೂ ಒಲ್ಲದ ಅಂಬೆ ನಡುಬೀದಿಯಲ್ಲಿ ನಿಲ್ಲುತ್ತಾಳೆ. ಪರಶುರಾಮನಂಥ ಗುರು ಅವಳ ಪರವಾಗಿ ಶಿಷ್ಯನೊಂದಿಗೆ ಕಾದಾಡಿದರೂ ನ್ಯಾಯ ಸಿಗುವುದಿಲ್ಲ. ಪ್ರಸಂಗದ ಹೆಸರಿನಲ್ಲಿ ವಿಜಯ ಭೀಷ್ಮನದು. ಆದರೆ ಅವಳ ಕೊನೆಯ ಶಪಥ ಇನ್ನೊಂದು ಪ್ರಸಂಗದಲ್ಲಿ, ಇನ್ನೊಂದು ಜನ್ಮದಲ್ಲಿ, ಕುರುಕ್ಷೇತ್ರದ ಹತ್ತನೆಯ ದಿನ ಶಿಖಂಡಿಯ ರೂಪದಲ್ಲಿ ಭೀಷ್ಮನ ರಥದೆದುರು ಬಂದು ನಿಲ್ಲುತ್ತದೆ. ಭೀಷ್ಮ ವಿಜಯವನ್ನು ನೋಡದವನಿಗೂ ಆ ರಾತ್ರಿ ಭೀಷ್ಮ ಬಿಲ್ಲು ಕೆಳಗಿಡುವುದು ಏಕೆಂದು ಅರ್ಥವಾಗುತ್ತದೆ, ಏಕೆಂದರೆ ಭೀಷ್ಮನೇ ಅದನ್ನು ಹೇಳುತ್ತಾನೆ. ನೋಡಿದವನಿಗೆ ಹೆಚ್ಚಾಗಿ ದಕ್ಕುವುದು ಅಂಬೆಯ ಮುಖದ ನೆನಪು. ವಸ್ತ್ರಾಪಹಾರದ ದ್ರೌಪದಿಯ ಬಿಚ್ಚಿದ ಮುಡಿಯೂ ಹೀಗೆಯೇ ಕೀಚಕವಧೆ, ಕೃಷ್ಣಸಂಧಾನಗಳನ್ನು ಹಾದು ಗದಾಯುದ್ಧದವರೆಗೆ ನಡೆದುಬರುತ್ತದೆ. ಮರೆಯಿಂದ ಹೊಡೆದ ರಾಮನ ಋಣ ಕೃಷ್ಣಾವತಾರದಲ್ಲಿ ತೀರಿತೆಂದೂ, ಬಾಣಬಿಟ್ಟ ಜರನೆಂಬ ಬೇಡನೇ ಹಿಂದಿನ ವಾಲಿಯೆಂದೂ ಜನರ ನಂಬಿಕೆ. ಯುಗ ಬದಲಾದರೂ ಖಾತೆ ಮುಚ್ಚುವುದಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ, ಮಾರ್ವೆಲ್ ಚಿತ್ರಗಳು ಗೆದ್ದದ್ದೂ ಈ ದಾರಿಯಲ್ಲಿ ನಡೆದಾಗಲೇ. ತಾನು ಸೃಷ್ಟಿಸಿದ ಯಂತ್ರ ಒಂದು ನಗರವನ್ನು ನಾಶಮಾಡಿತೆಂಬ ಟೋನಿ ಸ್ಟಾರ್ಕ್‌ನ ಪಾಪಪ್ರಜ್ಞೆ 2016ರ ‘ಸಿವಿಲ್ ವಾರ್’ನಲ್ಲಿ ಅವನನ್ನು ಗೆಳೆಯನ ವಿರುದ್ಧವೇ ನಿಲ್ಲಿಸಿತು, 2019ರಲ್ಲಿ ಅವನ ಪ್ರಾಣವನ್ನೇ ಕೇಳಿತು. ಅದು ಶುದ್ಧ ಋಣಕಥನ. ಹಿಂದಿನ ಚಿತ್ರ ನೋಡದವರೂ ಆ ಸಾವಿನೆದುರು ಸುಮ್ಮನೆ ಕುಳಿತರು. ಆಮೇಲಿನ ವರ್ಷಗಳಲ್ಲಿ ಋಣ ಕಡಿಮೆಯಾಗಿ ಮಾಹಿತಿ ಹೆಚ್ಚಾಯಿತು.

‘ಸಿವಿಲ್ ವಾರ್’ ಎಂದೊಡನೆ ನಮ್ಮ ‘ಕೃಷ್ಣಾರ್ಜುನ ಕಾಳಗ’ ನೆನಪಾಗದೆ ಇರದು. ಗಯನೆಂಬ ಗಂಧರ್ವ ಆಕಾಶಮಾರ್ಗದಲ್ಲಿ ಹೋಗುತ್ತ ಉಗಿದ ತಾಂಬೂಲ ಅರ್ಘ್ಯ ಕೊಡುತ್ತಿದ್ದ ಕೃಷ್ಣನ ಬೊಗಸೆಗೆ ಬೀಳುತ್ತದೆ. ಕೊಲ್ಲುವೆನೆಂದು ಕೃಷ್ಣನ ಶಪಥ. ಯಾರಿಂದ ಎಂದು ವಿಚಾರಿಸುವ ಮೊದಲೇ ಕಾಯುವೆನೆಂದು ಅರ್ಜುನನ ಅಭಯ. ಎರಡು ಮಾತುಗಳ ನಡುವೆ ಜಗತ್ತೇ ನಡುಗುವ ಯುದ್ಧ. ವ್ಯಾಸಭಾರತದಲ್ಲಿ ಈ ಕಥೆಯೇ ಇಲ್ಲ. ಇಬ್ಬರು ಪರಮಮಿತ್ರರು ಎದುರಾದರೆ ಹೇಗಿದ್ದೀತು ಎಂಬ ಕುತೂಹಲ ಜನರದು, ಅದನ್ನು ಹೆಣೆದವರು ಕವಿಗಳು. ಮೂಲದಲ್ಲಿಲ್ಲ ಎಂಬ ಕಾರಣಕ್ಕೆ ಅದನ್ನು ಹೊರಗಿಟ್ಟವರಿಲ್ಲ, ಏಕೆಂದರೆ ಅದರೊಳಗಿನ ಕೃಷ್ಣ ಕೃಷ್ಣನೇ, ಅರ್ಜುನ ಅರ್ಜುನನೇ. ಹನುಮಂತನನ್ನೇ ನೋಡಿ. ಸೌಗಂಧಿಕಾ ಪುಷ್ಪದ ಕಥೆಯಲ್ಲಿ ಅವನು ಭೀಮನನ್ನು ದಾರಿಯಲ್ಲಿ ತಡೆದು, ಬಳಿಕ ಪ್ರೀತಿಯಿಂದ, ಅರ್ಜುನನ ಧ್ವಜದಲ್ಲಿ ನೆಲೆಸುವುದಾಗಿ ಮಾತು ಕೊಡುತ್ತಾನೆ. ‘ಶರಸೇತು ಬಂಧನ’ದಲ್ಲಿ ಬಾಣಗಳ ಸೇತುವೆ ಕಟ್ಟಿ ಮೆರೆಯಹೊರಟ ಅರ್ಜುನನ ಗರ್ವ ಮುರಿದು, ಕೃಷ್ಣನ ಮಧ್ಯಸ್ಥಿಕೆಯಿಂದ ಅದೇ ಧ್ವಜವನ್ನು ಏರುತ್ತಾನೆ. ಒಂದು ಧ್ವಜ, ಎರಡು ಕಾರಣ. ಹಾಲಿವುಡ್ಡಿನಲ್ಲಾಗಿದ್ದರೆ ಯಾವುದು ಅಧಿಕೃತ ಎಂದು ಅಭಿಮಾನಿಗಳು ವರ್ಷಗಟ್ಟಲೆ ಕಾದಾಡುತ್ತಿದ್ದರು. ನಮ್ಮಲ್ಲಿ ಎರಡನ್ನೂ ಆಡುತ್ತಾರೆ, ಎರಡನ್ನೂ ನೋಡುತ್ತಾರೆ. ತ್ರೇತಾಯುಗದ ಜಾಂಬವ ದ್ವಾಪರದ ಗುಹೆಯೊಂದರಲ್ಲಿ ಶ್ಯಮಂತಕ ಮಣಿಗಾಗಿ ಕೃಷ್ಣನೊಡನೆ ಸೆಣಸಿ, ಎದುರಾಳಿಯಲ್ಲಿ ತನ್ನ ರಾಮನನ್ನು ಗುರುತಿಸುವ ಗಳಿಗೆಗೆ ಬೇಕಾದದ್ದು ಪ್ರೇಕ್ಷಕರ ಒಪ್ಪಿಗೆ ಮಾತ್ರ.

ಅಲ್ಲಿ ಬೇಕಾದದ್ದು ವಕೀಲರ ಒಪ್ಪಿಗೆ. ಸ್ಪೈಡರ್‌ಮ್ಯಾನ್ ಚಿತ್ರಗಳ ಹಕ್ಕು ಸೋನಿ ಸಂಸ್ಥೆಯ ಬಳಿ ಇದ್ದುದರಿಂದ 2015ರ ಒಪ್ಪಂದವಾಗುವವರೆಗೆ ಅವನು ಮಾರ್ವೆಲ್ಲಿನ ಚಿತ್ರಲೋಕವನ್ನು ಪ್ರವೇಶಿಸುವಂತಿರಲಿಲ್ಲ. 2019ರ ಆಗಸ್ಟ್‌ನಲ್ಲಿ ಮಾತುಕತೆ ಮುರಿದು ಅವನು ಹೊರನಡೆದ. ಸೆಪ್ಟೆಂಬರ್‌ನಲ್ಲಿ ರಾಜಿಯಾಗಿ ಒಳಬಂದ. ಕ್ವಿಕ್‌ಸಿಲ್ವರ್ ಎಂಬ ಪಾತ್ರ 2014ರಲ್ಲಿ ಫಾಕ್ಸ್ ಸಂಸ್ಥೆಯ ಚಿತ್ರದಲ್ಲಿ ಒಬ್ಬ ನಟನ ರೂಪದಲ್ಲಿಯೂ, ಮರುವರ್ಷ ಮಾರ್ವೆಲ್ ಚಿತ್ರದಲ್ಲಿ ಇನ್ನೊಬ್ಬ ನಟನ ರೂಪದಲ್ಲಿಯೂ ಬಂತು, ಎರಡಕ್ಕೂ ಸಂಬಂಧವಿರಲಿಲ್ಲ. ಕಥಾಲೋಕದ ಗಡಿರೇಖೆಯನ್ನು ಎಳೆದದ್ದು ಒಪ್ಪಂದಪತ್ರ.

ನಟರ ವಿಷಯದಲ್ಲಿಯೂ ಇಂಥದೇ ಒಂದು ಕಟ್ಟು ಕಾಣುತ್ತದೆ. ಹಲ್ಕ್ ಪಾತ್ರದಲ್ಲಿ 2008ರಲ್ಲಿದ್ದ ಎಡ್ವರ್ಡ್ ನಾರ್ಟನ್ ಬದಲಿಗೆ 2012ರಲ್ಲಿ ಮಾರ್ಕ್ ರಫಲೊ ಬಂದಾಗ ಪ್ರೇಕ್ಷಕರು ಹೊಂದಿಕೊಂಡರು. ಆದರೆ ‘ಬ್ಲ್ಯಾಕ್ ಪ್ಯಾಂಥರ್’ ಆಗಿದ್ದ ಚಾಡ್ವಿಕ್ ಬೋಸ್‌ಮನ್ 2020ರಲ್ಲಿ ತೀರಿಕೊಂಡಾಗ ಆ ಪಾತ್ರವನ್ನು ಇನ್ನೊಬ್ಬರಿಗೆ ಕೊಡಲು ಸಂಸ್ಥೆಗೆ ಮನಸ್ಸಾಗಲಿಲ್ಲ. 2022ರ ಚಿತ್ರದಲ್ಲಿ ನಟನೊಂದಿಗೆ ರಾಜನೂ ಸತ್ತ. ಅದು ಗೌರವದ ನಡೆ, ನಿಜ. ಆದರೆ ಕಥೆಯೊಂದು ಒಂದೇ ದೇಹಕ್ಕೆ ಅಂಟಿಕೊಂಡರೆ ಆಗುವ ನಷ್ಟವನ್ನೂ ಅದು ತೋರಿತು. ಕೆರೆಮನೆ ಶಂಭು ಹೆಗಡೆಯವರು 2009ರ ಫೆಬ್ರುವರಿಯಲ್ಲಿ ಇಡಗುಂಜಿಯಲ್ಲಿ ರಾಮನ ವೇಷದಲ್ಲಿದ್ದಾಗಲೇ ಅಸ್ವಸ್ಥರಾಗಿ ತೀರಿಕೊಂಡರು. ಅವರ ರಾಮ ಅವರೊಂದಿಗೇ ಹೋದ, ರಾಮ ಉಳಿದ. ಒಂದೇ ರಾತ್ರಿಯ ಆಟದಲ್ಲಿ ಪೂರ್ವಾರ್ಧದ ಕೃಷ್ಣ ಒಬ್ಬರು, ಉತ್ತರಾರ್ಧದ ಕೃಷ್ಣ ಇನ್ನೊಬ್ಬರು ಆಗಿರುವುದು ಇಲ್ಲಿ ವಾಡಿಕೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ನೋಡಿದವರು ಮುಂದಿನವರ ಭಸ್ಮಾಸುರನನ್ನು ಅದರೊಂದಿಗೆ ತೂಗುತ್ತಾರೆ, ಗೊಣಗುತ್ತಾರೆ, ಮತ್ತೆ ನೋಡಲು ಹೋಗುತ್ತಾರೆ.

ಹಾಗಾದರೆ ಈ ಲೋಕದಲ್ಲಿ ಏನು ಬೇಕಾದರೂ ಬದಲಿಸಬಹುದೇ? ಇಲ್ಲ. ಪದ್ಯ ಹಾಕಿದ ಗೆರೆಯನ್ನು ಮಾತು ದಾಟುವಂತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ರಾಮನನ್ನು ಪ್ರಶ್ನೆಗಳಿಂದ ಕಟ್ಟಿಹಾಕುತ್ತಿದ್ದ ಪರಿಯನ್ನು ಕೇಳಿದವರು ಇಂದಿಗೂ ವರ್ಣಿಸುತ್ತಾರೆ. ವಾದದಲ್ಲಿ ವಾಲಿ ಗೆಲ್ಲಬಹುದು, ಸಭೆ ಅವನ ಪರ ನಿಲ್ಲಬಹುದು. ಪದ್ಯ ಬಂದಾಗ ಅವನು ಸಾಯಲೇಬೇಕು. ಅರ್ಥಧಾರಿಯ ಸ್ವಾತಂತ್ರ್ಯವೆಲ್ಲ ಇರುವುದು ಆ ಸಾವಿನ ಅರ್ಥವನ್ನು ಬದಲಿಸುವುದರಲ್ಲಿ. ಕಥೆಯ ಮುಂದಿನ ತಿರುವನ್ನು ಗುಟ್ಟಾಗಿಡುವುದೇ ಕಥನದ ಬಂಡವಾಳವೆಂದು ನಂಬಿದ ಉದ್ಯಮಕ್ಕೆ ಈ ಬಗೆಯ ಕುತೂಹಲ ಅಪರಿಚಿತ.

ಆ ಗೆರೆಯನ್ನೇ ದಾಟಿದವರೂ ಈ ಸೀಮೆಯಲ್ಲಿದ್ದರು. ತೀರ್ಥಹಳ್ಳಿಯ ಕುಪ್ಪಳಿಯ ಕುವೆಂಪು 1944ರ ‘ಶೂದ್ರ ತಪಸ್ವಿ’ಯಲ್ಲಿ ಶಂಬೂಕನ ತಲೆ ಉರುಳಲು ಬಿಡಲಿಲ್ಲ, ರಾಮನ ಅಸ್ತ್ರವನ್ನು ದೂರು ತಂದ ಬ್ರಾಹ್ಮಣನತ್ತಲೇ ತಿರುಗಿಸಿದರು. ಪುರಾಣದ ಕಥೆಯನ್ನು ಹೀಗೆ ಮಾರ್ಪಡಿಸಬಹುದೇ ಎಂದು ಮಾಸ್ತಿಯವರು ಆಕ್ಷೇಪಿಸಿದರು. 1949ರ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಕುವೆಂಪು ಇನ್ನೂ ಮುಂದೆ ಹೋದರು: ಅಲ್ಲಿ ಸೀತೆಯೊಬ್ಬಳೇ ಅಗ್ನಿಯನ್ನು ಪ್ರವೇಶಿಸುವುದಿಲ್ಲ, ರಾಮನೂ ಪ್ರವೇಶಿಸುತ್ತಾನೆ. ಹಳೆಯ ಲೋಕದ ಒಂದು ಸಾಲ ಬಾಕಿ ಉಳಿದಿದೆ, ಅದನ್ನು ತೀರಿಸದೆ ಕಥೆ ಮುಂದುವರಿಯದು ಎಂದು ಅವರಿಗೆ ಅನ್ನಿಸಿತ್ತು. ಪರಂಪರೆ ಎಲ್ಲರಿಗೂ ಸಮಾನವಾಗಿ ಮಾತಿನ ಅವಕಾಶ ಕೊಟ್ಟಿರಲಿಲ್ಲ ಎಂಬುದನ್ನು ಮರೆಯಬಾರದು. ಅಂಬೆಯ ಅಳಲನ್ನೂ ದ್ರೌಪದಿಯ ಸಿಟ್ಟನ್ನೂ ತಲೆಮಾರುಗಳ ಕಾಲ ರಂಗದ ಮೇಲೆ ಆಡಿದವರು ಗಂಡಸರೇ.

ಈಗ ತುರ್ತಿನ ವಿಷಯಕ್ಕೆ ಬರೋಣ. ಇಡೀ ರಾತ್ರಿಯ ಆಟ ಈಗ ಹಲವೆಡೆ ಮೂರು-ನಾಲ್ಕು ಗಂಟೆಗಳ ಕಾಲಮಿತಿಗೆ ಇಳಿದಿದೆ. ಕಾರಣಗಳು ಸಕಾರಣವಾದವೇ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸಿವೆ. ಬೆಳಿಗ್ಗೆ ಶಾಲೆಯಿದೆ, ಕಚೇರಿಯಿದೆ. ಮಲೆನಾಡಿನ ದೊಡ್ಡ ಮನೆಗಳಲ್ಲಿ ಇಬ್ಬರು ವೃದ್ಧರು ಉಳಿದು ಮಕ್ಕಳೆಲ್ಲ ಬೆಂಗಳೂರು ಸೇರಿರುವಾಗ ಬೆಳಗಿನವರೆಗೆ ಕುಳಿತುಕೊಳ್ಳುವವರು ಯಾರು? ಮೂರು ಗಂಟೆಯಲ್ಲಿ ಒಳ್ಳೆಯ ಆಟ ಸಾಧ್ಯವಿಲ್ಲ ಎಂಬ ಹಟ ನನಗಿಲ್ಲ. ಎಷ್ಟೋ ಇಡೀ ರಾತ್ರಿಯ ಆಟಗಳಲ್ಲಿ ನಡುವಿನ ಎರಡು ಗಂಟೆ ನಿದ್ದೆಗೇ ಮೀಸಲಾಗಿತ್ತೆಂಬುದನ್ನು ಅಭಿಮಾನಿಗಳೂ ಒಪ್ಪುತ್ತಾರೆ.

ಪ್ರಶ್ನೆಯಿರುವುದು ಯಾವುದನ್ನು ಕತ್ತರಿಸುತ್ತೇವೆ ಎಂಬುದರಲ್ಲಿ. ಕುಣಿತಕ್ಕೆ ಚಪ್ಪಾಳೆಯಿದೆ, ಹಾಸ್ಯಕ್ಕೆ ನಗೆಯಿದೆ, ಹಾಡಿಗೆ ಅಭಿಮಾನಿಗಳಿದ್ದಾರೆ, ಯುದ್ಧವಿಲ್ಲದೆ ಮುಗಿಸುವಂತಿಲ್ಲ. ಹೀಗಾಗಿ ಮೊದಲು ಕತ್ತರಿ ಬೀಳುವುದು ಒಡ್ಡೋಲಗಕ್ಕೆ, ಅದರ ಬೆನ್ನಿಗೆ ಪೀಠಿಕೆಗೆ. ಕೊಡುವ ಸಮಜಾಯಿಷಿ ಒಂದೇ: ಕಥೆ ಎಲ್ಲರಿಗೂ ಗೊತ್ತಿದೆಯಲ್ಲ!

ಗೊತ್ತಿಲ್ಲ ಎಂಬುದೇ ಇಂದಿನ ವಾಸ್ತವ. ಮಂದಾರ್ತಿ ಮೇಳ ಘಟ್ಟ ಹತ್ತಿ ಬಂದು ಹರಕೆಯ ಆಟ ಆಡುವಾಗ ಅಂಗಳದ ಮುಂದಿನ ಸಾಲಿನಲ್ಲಿ ಕುಳಿತಿರುವುದು ಬೆಂಗಳೂರಿನಿಂದ ಎರಡು ದಿನದ ರಜೆಗೆ ಬಂದ ಮೊಮ್ಮಕ್ಕಳು. ಅಜ್ಜಿಯ ಬಾಯಿಂದ ಕಥೆ ಕೇಳಿದ ತಲೆಮಾರು ಅದಲ್ಲ. ಥಾನೋಸನ ಕೈಯ ಆರು ಮಣಿಗಳ ಹೆಸರು ಅದಕ್ಕೆ ಗೊತ್ತು, ಶ್ಯಮಂತಕ ಗೊತ್ತಿಲ್ಲ. ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ದೊಡ್ಡ ಕಥಾಲೋಕವೊಂದರ ಜಾಡು ಹಿಡಿದು ನಡೆಯುವ ಶಕ್ತಿ ತಮಗಿದೆಯೆಂದು ಅವರು ಈಗಾಗಲೇ ತೋರಿಸಿದ್ದಾರೆ. 2024ರ ‘ಕಲ್ಕಿ 2898 ಎಡಿ’ ಚಿತ್ರದಲ್ಲಿ ಅಮಿತಾಭ್ ಬಚ್ಚನ್ ಅಶ್ವತ್ಥಾಮನಾಗಿ ಕಾಣಿಸಿಕೊಂಡಾಗ ಅವನ ಹಣೆಯ ಗಾಯ ಯಾವುದೆಂದು ಮನೆಯ ಹಿರಿಯರನ್ನು ಕೇಳಿದ ಮಕ್ಕಳು ಕಡಿಮೆಯೇನಿಲ್ಲ. ಅಂಥ ಪ್ರಶ್ನೆ ಹೊತ್ತ ಮಗುವೊಂದು ಗದಾಯುದ್ಧಕ್ಕೆ ಬಂದು ಕುಳಿತರೆ, ವೈಶಂಪಾಯನ ಸರೋವರದ ದಡದಲ್ಲಿ ಕೌರವ ನೇರವಾಗಿ ಕುಣಿತಕ್ಕೆ ತೊಡಗಿಬಿಟ್ಟರೆ, ಅದಕ್ಕೆ ದಕ್ಕುವುದು ಬಣ್ಣ ಮತ್ತು ಚೆಂಡೆಯ ಸದ್ದು. ತಮ್ಮಂದಿರನ್ನೆಲ್ಲ ಕಳೆದುಕೊಂಡು, ಹೆಣಗಳ ನಡುವೆ ನಡೆದುಬಂದು, ನೀರಿನೊಳಗೆ ಅಡಗುವ ದೊರೆಯ ಮನಸ್ಸು ಪೀಠಿಕೆಯಲ್ಲಿತ್ತು. ಎಲ್ಲವನ್ನೂ ಮೊದಲೇ ನೋಡಿರುತ್ತಾರೆಂದು ಭಾವಿಸಿ ಮಾರ್ವೆಲ್ ಮಾಡಿದ ತಪ್ಪನ್ನೇ ನಾವು ಇನ್ನೊಂದು ದಾರಿಯಿಂದ ಮಾಡುತ್ತಿದ್ದೇವೆ. ಅವರ ಬಳಿ ಭಾಗವತನಿರಲಿಲ್ಲ. ನಮ್ಮಲ್ಲಿ ಅವನಿದ್ದಾನೆ, ಪ್ರಶ್ನೆ ಕೇಳಲು ಸಮಯವಿಲ್ಲ.

ಇದಕ್ಕೆ ಹೊಸ ಕಥೆಗಳು ಪರಿಹಾರವೆಂದು ಹೇಳುವವರಿದ್ದಾರೆ. ಡೇರೆ ಮೇಳಗಳ ಕಾಲದಲ್ಲಿ ಅದೂ ನಡೆದಿದೆ. ಕಾಳಿಂಗ ನಾವಡರ ‘ನಾಗಶ್ರೀ’ ಅವರು ತೀರಿಕೊಂಡ 1990ರ ಬಳಿಕವೂ ಬಾಳಿತು. ಚಲನಚಿತ್ರಗಳ ಕಥೆಯೇ ವೇಷ ಕಟ್ಟಿಕೊಂಡು ಬಂದದ್ದೂ ಉಂಟು. ಅಂಥವುಗಳಲ್ಲಿ ಬಹುಪಾಲು ಒಂದೆರಡು ತಿರುಗಾಟಗಳಲ್ಲಿ ಮುಗಿದುಹೋದವು, ಏಕೆಂದರೆ ಅವಕ್ಕೆ ನೆರೆಹೊರೆಯಿರಲಿಲ್ಲ. ಅವುಗಳ ರಾಜಕುಮಾರ ಇನ್ನೊಂದು ಪ್ರಸಂಗದ ಯಾವ ಋಣವನ್ನೂ ಹೊತ್ತಿರಲಿಲ್ಲ. ಅವನ ಶಪಥಕ್ಕಾಗಿ ಮುಂದಿನ ಪ್ರಸಂಗದಲ್ಲಿ ಯಾರೂ ಕಾದಿರಲಿಲ್ಲ.

ಹಳೆಯ ಪ್ರಸಂಗ ಪುಸ್ತಕಗಳನ್ನು ಆಸಕ್ತರು ಸ್ವಂತ ಶ್ರಮದಿಂದ ಅಂತರ್ಜಾಲಕ್ಕೆ ಏರಿಸುತ್ತಿರುವುದು ಸ್ತುತ್ಯರ್ಹ. ಅವುಗಳಲ್ಲಿ ಪದ್ಯ ಸಿಗುತ್ತದೆ, ಪೀಠಿಕೆ ಸಿಗುವುದಿಲ್ಲ. ಅದು ಬಾಯಿಂದ ಕಿವಿಗೆ, ರಂಗದಿಂದ ರಂಗಕ್ಕೆ ದಾಟಬೇಕಾದ ವಿದ್ಯೆ; ಆಡಲು ಸಮಯವೇ ಇಲ್ಲವೆಂದಾದರೆ ಎಳೆಯ ಕಲಾವಿದರು ಅದನ್ನು ಕಲಿಯುವುದಾದರೂ ಏಕೆ? ಮೇಳವನ್ನು ಕರೆಸಿ ಆಟ ಆಡಿಸುವವರು ಯಾವ ಪ್ರಸಂಗ, ಯಾವ ಕಲಾವಿದರು, ಎಷ್ಟು ಗಂಟೆಗೆ ಮುಗಿಯಬೇಕು ಎಂದೆಲ್ಲ ಮೊದಲೇ ಗೊತ್ತುಮಾಡುತ್ತಾರೆ. ಮುಖ್ಯ ಪಾತ್ರಗಳ ಪೀಠಿಕೆಯನ್ನು ಬಿಡಬಾರದು ಎಂಬ ಒಂದು ಮಾತನ್ನೂ ಅದರೊಂದಿಗೆ ಸೇರಿಸಿದರೆ ಕಲಾವಿದರು ಬೇಡವೆನ್ನಲಾರರು. ಹದಿನೈದು ನಿಮಿಷ ಸಾಕು. ಯುದ್ಧಕುಣಿತದ ನಾಲ್ಕು ಸುತ್ತು ಕಡಿಮೆಯಾದೀತು, ಅಷ್ಟೆ.